ನೆಲ ನಿಜಕ್ಕೂ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶೂಟಿಂಗ್ ರೇಂಜಿನ ಗೋಡೆ ಮೇಲೆ ಯಾರೂ ಈ ಗಾದೆ ಬರೆದು ಹಾಕಿಲ್ಲ. ಆದರೆ ಅಲ್ಲಿನ ಪಾಠವೆಲ್ಲ ನಡೆಯುವುದು ಇದರ ಮೇಲೆಯೇ. ಹತ್ತಕ್ಕೆ ಬೀಳಬೇಕಾದ ಗುಂಡು ಒಂಬತ್ತಕ್ಕೆ ಹೋಯಿತಾ? ಉಸಿರು ನೋಡಿಕೋ. ಎಂಟಕ್ಕೆ ಹೋಯಿತಾ? ಟ್ರಿಗರ್ ಜಗ್ಗಿಬಿಟ್ಟೆ. ಬಲಕ್ಕೆ ಹೋಯಿತಾ? ಕಾಲು ಸರಿಯಾಗಿ ಊರಿಲ್ಲ. ‘ರೈಫಲ್ ಸರಿಯಿಲ್ಲ ಸರ್’ ಅಂತ ಮಕ್ಕಳು ಬಾಯಿ ತೆಗೆದರೆ ಕೋಚ್ ಕಣ್ಣಲ್ಲೇ ಸುಮ್ಮನಾಗಿಸುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಸಲಕರಣೆಯ ಮೇಲೆ ಹಾಕುವ ದೂರು ಬಹಳ ಸಲ ನೆಪವೇ ಆಗಿರುತ್ತದೆ. ಯಾವಾಗಲೋ ಒಮ್ಮೆ ಅದು ನಿಜವೂ ಆಗಿರುತ್ತದಲ್ಲ, ನಾನು ಹೇಳಹೊರಟಿರುವುದು ಆ ಒಮ್ಮೆಯ ಬಗ್ಗೆ.

ನನ್ನ ಮಗಳು ಹತ್ತು ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಈಗ ಮೊದಲ ಪಿಯುಸಿ. ಈ ಆಟ ನೋಡದವರಿಗೆ ಸ್ವಲ್ಪ ಲೆಕ್ಕ ಹೇಳಬೇಕು. ಹತ್ತು ಮೀಟರ್ ದೂರದಲ್ಲಿರುವ ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ಹೊಡೆಯುವ ಸೀಸದ ಪೆಲೆಟ್ 4.5 ಮಿಲಿಮೀಟರ್. ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಗುಂಡು. ಹೆಣ್ಣುಮಕ್ಕಳಿಗೆ ಮೊದಲು 40 ಇತ್ತು, 2018ರಿಂದ ಎಲ್ಲರಿಗೂ ಒಂದೇ. ಒಂದು ಗುಂಡಿಗೆ ಗರಿಷ್ಠ 10.9. ಪೆಲೆಟ್ ಕಾಲು ಮಿಲಿಮೀಟರ್ ಆಚೀಚೆ ಆದರೆ 0.1 ಅಂಕ ಹೋಯಿತು. ಕೊನೆಯಲ್ಲಿ ಫೈನಲ್‌ಗೆ ಹೋಗುವ ಎಂಟು ಜನ ಯಾರು ಅಂತ ತೀರ್ಮಾನ ಆಗುವುದು ಎಷ್ಟೋ ಸಲ ಇಂಥ ಚೂರುಪಾರು ಅಂಕಗಳಲ್ಲೇ.

ಇಷ್ಟು ಸೂಕ್ಷ್ಮದ ಆಟದಲ್ಲಿ ನೆಲ ನಿಜಕ್ಕೂ ಡೊಂಕಾಗಿದ್ದರೆ ಏನು ಕಥೆ? ಅಭಿನವ್ ಬಿಂದ್ರಾ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿ ಏಳನೆಯವರಾದರು. ಎಲ್ಲಿ ತಪ್ಪಿದೆ ಅಂತ ಅವರಿಗೇ ತಿಳಿಯಲಿಲ್ಲವಂತೆ. ತಾವು ನಿಂತಿದ್ದ ಜಾಗದ ಟೈಲ್ ಸಡಿಲವಾಗಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಇದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಅಲ್ಲಿಂದ 2008ರಲ್ಲಿ ಬೀಜಿಂಗ್‌ಗೆ ಹೋಗಿ ಚಿನ್ನ ತಂದರು. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ. ಈ ಕಥೆಯನ್ನು ಕೋಚ್‌ಗಳು ಛಲದ ಪಾಠ ಅಂತ ಹೇಳುತ್ತಾರೆ. ನನಗೆ ಮಾತ್ರ ಆ ಟೈಲ್ ವಿಷಯ ಗೊತ್ತಾಗುವ ತನಕ ಅವರು ಕಳೆದ ದಿನಗಳದೇ ಯೋಚನೆ. ಅಷ್ಟು ದಿನ ತಮ್ಮಲ್ಲಿ ಏನೇನು ಐಬು ಹುಡುಕಿಕೊಂಡಿರಬಹುದು?

ನಮ್ಮ ಮನೆಯಲ್ಲಿ ರೈಫಲ್ ತೆಗೆದುಕೊಳ್ಳುವ ಮಾತು ಗಟ್ಟಿಯಾಗಿದ್ದು 2023ರ ನಂತರ. ಆ ವರ್ಷ ಬೆಂಗಳೂರಿನ ತಿಲೋತ್ತಮಾ ಸೆನ್, ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ, ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ಬೆಳ್ಳಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ದೇಶಕ್ಕೊಂದು ಕೋಟಾ, ಅಂದರೆ ಸ್ಪರ್ಧಿಸುವ ಒಂದು ಸ್ಥಾನ, ತಂದಳು. ನಮ್ಮೂರಿನದೇ ಹುಡುಗಿ. ನನ್ನ ಮಗಳು ಅಲ್ಲಿಯವರೆಗೆ ಕ್ಲಬ್ಬಿನ ರೈಫಲ್‌ನಲ್ಲಿ ಹೊಡೆಯುತ್ತಿದ್ದಳು. ಅದನ್ನು ಇನ್ನೂ ನಾಲ್ಕು ಮಕ್ಕಳು ಹಂಚಿಕೊಳ್ಳುತ್ತಿದ್ದರು. ಪ್ರತಿ ದಿನ ಕೆನ್ನೆ ಇಡುವ ಪಟ್ಟಿ, ಭುಜಕ್ಕೆ ಆನಿಸುವ ಬಟ್ ಪ್ಲೇಟ್, ಎಲ್ಲವನ್ನೂ ಆಲನ್ ಕೀ ಹಿಡಿದು ತನ್ನ ಅಳತೆಗೆ ತಿರುಗಿಸಿಕೊಳ್ಳಬೇಕು. ಮುಗಿದ ಮೇಲೆ ಇನ್ನೊಬ್ಬಳು ಬಂದು ತನ್ನ ಅಳತೆಗೆ ತಿರುಗಿಸುತ್ತಾಳೆ. ‘ಸ್ವಂತದ್ದು ಬೇಕೇ ಬೇಕು ಮೇಡಂ’ ಅಂತ ಕೋಚ್ ಹೇಳುತ್ತಲೇ ಇದ್ದರು.

ಯುರೋಪಿನಲ್ಲಿ ತಯಾರಾದ ರೈಫಲ್. ಬೆಲೆ ಲಕ್ಷಗಳಲ್ಲಿ. ನಮ್ಮನೆಯವರು ಪಿಎಫ್‌ನಿಂದ ಸ್ವಲ್ಪ ತೆಗೆದರು, ನಾನು ಒಂದು ಚೀಟಿ ಎತ್ತಿದೆ. ಕಂಪನಿಯ ಹೆಸರು, ತರಿಸಿಕೊಟ್ಟವರ ಹೆಸರು ಇಲ್ಲಿ ಬೇಡ. ಈ ಸಾಮಾನು ತರಿಸುವವರು ದೇಶದಲ್ಲಿ ಕೆಲವೇ ಜನ. ನಾಳೆ ಪೆಲೆಟ್‌ಗೂ ಬಿಡಿಭಾಗಕ್ಕೂ ಅವರ ಬಾಗಿಲಿಗೇ ಹೋಗಬೇಕು.

ಪೆಟ್ಟಿಗೆ ತೆಗೆದಾಗ ಒಳಗೆ ಒಂದು ಚಿಕ್ಕ ಚೀಟಿ ಇತ್ತು. ಕಾರ್ಖಾನೆಯಲ್ಲಿ ನಳಿಕೆಯನ್ನು ಬಿಗಿದು ಕಟ್ಟಿ ಹೊಡೆದ ಪರೀಕ್ಷೆಯ ಗುಂಡುಗಳು. ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ತೂತು ಆಗಿತ್ತು. ಕೆಳಗೆ ಯಾರದೋ ಸಹಿ. ಮಗಳು ಅದನ್ನು ಓದುವ ಮೇಜಿನ ಮುಂದೆ ಅಂಟಿಸಿಕೊಂಡಳು. ನಾನು ಆ ಚೀಟಿಯನ್ನು ನಂಬಿದೆ. ಅವಳೂ ನಂಬಿದಳು. ಆಮೇಲಿನ ತೊಂದರೆಗೆಲ್ಲ ಒಂದು ರೀತಿಯಲ್ಲಿ ಅದೇ ಕಾರಣ.

ಸ್ಕೋರ್ ಇಳಿಯಿತು. ಹೊಸ ರೈಫಲ್ ಕೈಗೆ ಒಗ್ಗಲು ಸಮಯ ಬೇಕು ಅಂದರು, ಸರಿ. ಕೈಗೆ ಒಗ್ಗಿದ ಮೇಲೂ ಏರಲಿಲ್ಲ. ಒಂದು ಸೀರೀಸ್‌ನಲ್ಲಿ, ಅಂದರೆ ಹತ್ತು ಗುಂಡಿನಲ್ಲಿ, ಏಳೆಂಟು ಚೆನ್ನಾಗಿ ಹೋಗುತ್ತಿದ್ದವು. ಇದ್ದಕ್ಕಿದ್ದಂತೆ ಒಂದು 9.4. ಮತ್ತೆ ಸರಿ. ಮತ್ತೆ ಒಂದು 9.2. ಅವಳು ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ಊಟ ಮಾಡಿ ಡೈರಿ ಬರೆದು ಮಲಗುತ್ತಿದ್ದಳು. ಶೂಟಿಂಗ್ ಕಲಿಯುವವರು ದಿನಾ ಡೈರಿ ಬರೆಯುತ್ತಾರೆ. ಎಷ್ಟು ಹೊಡೆದೆ, ಹೇಗಿತ್ತು, ಎಲ್ಲಿ ತಪ್ಪಿದೆ ಅಂತ.

ತಪ್ಪು ಎಲ್ಲಿದೆ ಅಂತ ಮೊದಲು ಕಂಡಿದ್ದು ಕೋಚ್‌ಗೆ. ಒಂದು ದಿನ ಅವಳ ಗುಂಡುಗಳೆಲ್ಲ ಮಾನಿಟರ್ ಮೇಲೆ ಒಟ್ಟಿಗೆ ಬರುವ ಹಾಗೆ ಮಾಡಿ ನನ್ನನ್ನು ಕರೆದರು. ‘ನೋಡಿ ಮೇಡಂ, ಎಡಬಲ ಎಷ್ಟು ಒತ್ತಾಗಿದೆ. ಹರಡಿರೋದು ಮೇಲೆ ಕೆಳಗೆ ಮಾತ್ರ. ಇವಳು ತಪ್ಪು ಮಾಡ್ತಿದ್ರೆ ಹೀಗೆ ಗೆರೆ ಎಳೆದ ಹಾಗೆ ಬರಲ್ಲ.’ ಆಮೇಲೆ ಅವರೇ ಆ ರೈಫಲ್ ಎತ್ತಿ ಹೊಡೆದರು. ಅವರಿಗೂ ಅದೇ ಗೆರೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡು ಮೇಲಕ್ಕೆ, ಮುಂದಿನವು ಕೆಳಕ್ಕೆ.

ಇಲ್ಲಿ ಯಂತ್ರದ ಬಗ್ಗೆ ಎರಡು ಮಾತು. ಈ ರೈಫಲ್‌ಗಳಲ್ಲಿ ಸಿಡಿಮದ್ದು ಇರುವುದಿಲ್ಲ. ನಳಿಕೆಯ ಕೆಳಗಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತಾರೆ. ಅಷ್ಟು ಒತ್ತಡ ನೇರವಾಗಿ ಪೆಲೆಟ್‌ಗೆ ಬಂದರೆ ಆಗದು. ಅದಕ್ಕೇ ನಡುವೆ ಒಂದು ರೆಗ್ಯುಲೇಟರ್. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲೆ ಕೂರುತ್ತದಲ್ಲ, ಅದೇ ಕೆಲಸ. ಸಿಲಿಂಡರ್ ತುಂಬಿರಲಿ, ಅರ್ಧಕ್ಕೆ ಇಳಿದಿರಲಿ, ಮುಂದಕ್ಕೆ ಬಿಡುವ ಒತ್ತಡ ಒಂದೇ ಇರಬೇಕು. ಅದರೊಳಗಿನ ಸೀಲ್ ಸರಿಯಾಗಿ ಮುಚ್ಚದಿದ್ದರೆ ಗಾಳಿ ಸಣ್ಣಗೆ ನುಸುಳುತ್ತಲೇ ಇರುತ್ತದೆ. ಬೇಗ ಬೇಗ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ನಿಮಿಷ ಸುಮ್ಮನಿದ್ದರೆ ಒಳಗೆ ಒತ್ತಡ ಏರಿಬಿಡುತ್ತದೆ. ಆಗ ಹೊಡೆದ ಗುಂಡು ಜಾಸ್ತಿ ವೇಗದಲ್ಲಿ ಹೋಗುತ್ತದೆ.

ಇನ್ನೊಂದು ಕ್ಲಬ್ಬಿನಿಂದ ವೇಗ ಅಳೆಯುವ ಕ್ರೋನೋಗ್ರಾಫ್ ತಂದು ನೋಡಿದೆವು. ಸೆಕೆಂಡಿಗೆ 172 ಮೀಟರ್ ಆಸುಪಾಸು ನಿಲ್ಲಬೇಕಾದ ಅಂಕಿ ಒಮ್ಮೆ 178, ಇನ್ನೊಮ್ಮೆ 168 ತೋರಿಸಿತು. ಹತ್ತು ಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಪೆಲೆಟ್ ಗುರಿ ಮುಟ್ಟುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಒಂದೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಕೆಳಗಿಳಿದಿರುತ್ತದೆ. ವೇಗ ಇಷ್ಟು ಬದಲಾದರೆ ಆ ಇಳಿತದಲ್ಲಿ ಹತ್ತಿರ ಹತ್ತಿರ 2 ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತದೆ. ಅಂದರೆ ಏಳೆಂಟು ದಶಾಂಶ ಅಂಕ. ಉಸಿರು, ಕಾಲು, ಬೆರಳು ಎಲ್ಲ ಸರಿಯಿದ್ದೂ 10.2 ಆಗಬೇಕಾದ್ದು 9.4 ಆಗುತ್ತದೆ.

ಆ ಸಂಜೆ ಮಗಳು ಡೈರಿ ತಂದು ನನ್ನ ಮುಂದೆ ಇಟ್ಟಳು. ‘ಮನಸ್ಸು ಎಲ್ಲೋ ಇತ್ತು.’ ‘ಫಾಲೋ ಥ್ರೂ ಇಲ್ಲ.’ ‘ಸೋಮಾರಿತನ.’ ‘ಇವತ್ತೂ ಅದೇ ತಪ್ಪು, ನಂಗೆ ಬುದ್ಧಿ ಬರಲ್ಲ.’ ಕೆಂಪು ಇಂಕಿನಲ್ಲಿ ಅಡಿಗೆರೆ ಬೇರೆ. ಪುಟ ಪುಟವೂ ಹೀಗೇ. ಒಂದು ಕಡೆ ‘ಅಪ್ಪ ಅಮ್ಮನ ದುಡ್ಡು’ ಅಂತಷ್ಟೇ ಬರೆದು ನಿಲ್ಲಿಸಿದ್ದಳು. ಅವಳು ಅಳಲಿಲ್ಲ. ‘ಇದೆಲ್ಲ ಹೊಡೆದು ಹಾಕ್ಲಾ ಅಮ್ಮಾ?’ ಅಂತ ಕೇಳಿದಳು. ಬೇಡ, ದೂರಿಗೆ ಬೇಕಾಗುತ್ತೆ ಅಂದೆ. ಸೀಲ್ ಕೆಟ್ಟರೆ ಹೊಸದು ಹಾಕಬಹುದು. ಈ ಪುಟಗಳಿಗೆ ವಾರಂಟಿ ಕಾರ್ಡಿನಲ್ಲಿ ಯಾವ ಕಾಲಮ್ ಇದೆ?

ಇನ್ನು ರಿಪೇರಿಯ ಕಥೆ.

ರೈಫಲ್ ತರಿಸಿಕೊಟ್ಟವರಿಗೆ ದೂರು ಹೇಳಿದೆವು. ಮೊದಲ ಉತ್ತರ ವಾಟ್ಸಾಪ್‌ನಲ್ಲಿ ಬಂತು. ‘ಪೆಲೆಟ್ ಬದಲಾಯಿಸಿ ನೋಡಿ ಮೇಡಂ.’ ಪೆಲೆಟ್‌ನ ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ ಬರುತ್ತದೆ. ಪ್ರತಿ ನಳಿಕೆಗೂ ಒಂದೊಂದು ಹೊಂದುತ್ತದೆ ಅನ್ನುವುದು ನಿಜವೇ. ಬದಲಾಯಿಸಿದೆವು. ಗೆರೆ ಹಾಗೇ ಇತ್ತು. ಎರಡನೇ ಉತ್ತರ, ‘ತೇವದ ಗಾಳಿ ತುಂಬಿಸಿರಬೇಕು.’ ಇಲ್ಲ ಅಂದೆವು. ಮೂರನೆಯದು ಫೋನಿನಲ್ಲಿ. ‘ಎಷ್ಟು ವರ್ಷದಿಂದ ಹೊಡೀತಿದಾರೆ ಮಗಳು? ಹೊಸಬರಿಗೆ ಹೀಗೆ ಅನ್ಸುತ್ತೆ ಮೇಡಂ. ಟೆಕ್ನಿಕ್ ಸರಿ ಮಾಡ್ಕೊಳ್ಳೋಕೆ ಹೇಳಿ.’ ನನಗೆ ಸಿಟ್ಟು ನೆತ್ತಿಗೇರಿದ್ದು ಇಲ್ಲಿ. ರೇಂಜಿನಲ್ಲಿ ಕೋಚ್ ಹೇಳುವ ಮಾತೇ ಇದು. ಅಲ್ಲಿ ಅದು ಮಗುವನ್ನು ತಿದ್ದುವ ಮಾತು. ಇಲ್ಲಿ ಅದೇ ಮಾತು ಫೋನ್ ಇಡುವುದಕ್ಕೊಂದು ದಾರಿ. ತನ್ನನ್ನೇ ಮೊದಲು ಅನುಮಾನಿಸು ಅಂತ ಕಲಿಸಿದ ಮಕ್ಕಳಿಗೆ ಸಾಮಾನು ಮಾರುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ದೂರು ಕೊಡುವವರೇ ಅರ್ಧ ದಾರಿಯಲ್ಲಿ ತಮ್ಮನ್ನು ತಾವು ಬೈದುಕೊಂಡು ವಾಪಸ್ ಹೋಗುತ್ತಾರೆ.

ಕೊನೆಗೆ ಕಳಿಸಿ ಅಂದರು. ಅವರ ರಿಪೇರಿ ಜಾಗ ಉತ್ತರ ಭಾರತದ ಒಂದು ಊರಿನಲ್ಲಿದೆ. ಕೊರಿಯರ್ ಆಫೀಸಿನ ಹುಡುಗ ಉದ್ದದ ಪೆಟ್ಟಿಗೆ ನೋಡಿ ‘ಕೀಬೋರ್ಡಾ ಆಂಟಿ?’ ಅಂದ. ರೈಫಲ್ ಅನ್ನುವ ಪದ ಕೇಳಿದ್ದೇ ತಡ, ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದ. ಏರ್ ರೈಫಲ್ ಇದು, 4.5 ಮಿಲಿಮೀಟರ್ ನಳಿಕೆ, 20 ಜೂಲ್‌ಗಿಂತ ಕಡಿಮೆ ಶಕ್ತಿಯದಕ್ಕೆ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಬೇಕಿಲ್ಲ, ಇದರ ಶಕ್ತಿ 8 ಜೂಲ್ ಕೂಡ ಇಲ್ಲ ಅಂತ ನಾನು ಅಲ್ಲಿ ಭಾಷಣವೇ ಮಾಡಿದೆ. ಅವನು ಮ್ಯಾನೇಜರ್ ಕರೆದ. ಮ್ಯಾನೇಜರ್ ಇನ್ಯಾರಿಗೋ ಫೋನ್ ಮಾಡಿದರು. ಸಿಲಿಂಡರ್ ಖಾಲಿ ಮಾಡಿ, ಬಿಚ್ಚಿ, ಬೇರೆ ಸುತ್ತಿ, ಬಿಲ್ಲಿನ ನಕಲು, ಕ್ಲಬ್ಬಿನ ಪತ್ರ ಎಲ್ಲ ಲಗತ್ತಿಸಿದ ಮೇಲೆ ಅದು ಹೊರಟಿತು. ಹೋಗುವ ಖರ್ಚು ನಮ್ಮದೇ. ವಾರಂಟಿ ಅಂದರೆ ರಿಪೇರಿ ಮಾತ್ರ ಪುಕ್ಕಟೆಯಂತೆ.

ವಾಪಸ್ ಬಂದಾಗ ಜೊತೆಗೊಂದು ಕಾಗದ. ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.’ ಅವರು ಕಳಿಸಿದ ವಿಡಿಯೋದಲ್ಲಿ ಒಬ್ಬರು ಕೂತು ಟಪಟಪ ಅಂತ ಹೊಡೆಯುತ್ತಿದ್ದರು. ಹೊಡೆದು, ಪೆಲೆಟ್ ತುಂಬಿ, ಮತ್ತೆ ಹೊಡೆದರು. ಹಾಗೆ ಹೊಡೆದರೆ ಈ ದೋಷ ಹೇಗೆ ಕಾಣಬೇಕು? ಗುಂಡಿಗೂ ಗುಂಡಿಗೂ ನಡುವೆ ಬಿಡುವು ಕೊಟ್ಟರೆ ತಾನೇ ಒತ್ತಡ ಏರುವುದು. ಸ್ಪರ್ಧೆಯಲ್ಲಿ ಯಾರೂ ಟಪಟಪ ಹೊಡೆಯುವುದಿಲ್ಲ. ಕೆನ್ನೆ ಇಟ್ಟು, ಸರಿ ಬರಲಿಲ್ಲ ಅಂತ ರೈಫಲ್ ಇಳಿಸಿ, ನೀರು ಕುಡಿದು, ಮತ್ತೆ ಎತ್ತುತ್ತಾರೆ. ಇದನ್ನು ನಾನು ಇಮೇಲ್‌ನಲ್ಲಿ ಬರೆದೆ. ಇತಿಹಾಸ ಎಂಎ ಮಾಡಿದ ನಾನು ರೆಗ್ಯುಲೇಟರ್ ಮೇಲೆ ಇಷ್ಟು ಉದ್ದದ ಪತ್ರ ಬರೆಯುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ಕೋಚ್‌ಗೆ ಈ ಕೆಲಸ ಬರುತ್ತಿತ್ತು. ಒಂದು ಸಣ್ಣ ರಬ್ಬರ್ ಉಂಗುರ, ಒಂದು ಸೀಲ್, ಒಂದು ಮಧ್ಯಾಹ್ನ. ಆದರೆ ಬಿಚ್ಚಿದರೆ ವಾರಂಟಿ ಹೋಯಿತು ಅಂತ ಕಾರ್ಡಿನಲ್ಲೇ ಅಚ್ಚು ಹಾಕಿದ್ದಾರೆ. ವಾರಂಟಿ ಇಲ್ಲದ ಹಳೇ ರೈಫಲ್ ಆಗಿದ್ದರೆ ಅದೇ ವಾರ ಸರಿಹೋಗುತ್ತಿತ್ತು! ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿರಾಜಪೇಟೆ ಕಡೆಯ ಅಂಕಲ್ ಒಬ್ಬರಿದ್ದಾರೆ. ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡಿ ಬರುವವರು. ನನ್ನ ಗೋಳು ಕೇಳಿ ನಕ್ಕರು. ‘ನಮ್ಮಜ್ಜನ ಕೋವಿ ಕೆಟ್ರೆ ಪೇಟೆಗೆ ಹೋಗಿ ರಿಪೇರಿಯವನ ಎದುರಿಗೇ ಕೂತು ಸರಿ ಮಾಡಿಸ್ಕೊಂಡು ಬರ್ತಿದ್ವಿ ಕಣಮ್ಮ. ಎದುರಿಗೆ ಕೂತ್ರೆ ಸುಳ್ಳು ಹೇಳೋಕಾಗಲ್ಲ.’ ಅದೆಷ್ಟು ಸರಿ. ನಮ್ಮ ರೈಫಲ್ ಬಿಚ್ಚಿದವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಎರಡನೇ ಸಲ ಕಳಿಸಿದ ಮೇಲೆ ದೋಷ ಒಪ್ಪಿಕೊಂಡರು. ಸಂತೋಷಪಡಬೇಕು ಅನ್ನುವಷ್ಟರಲ್ಲಿ, ‘ಬಿಡಿಭಾಗ ಹೊರಗಿಂದ ಬರಬೇಕು’ ಅಂದರು. ಅಲ್ಲಿ ಆಗಸ್ಟ್ ರಜೆ. ಆಮೇಲೆ ಕಸ್ಟಮ್ಸ್. ಅಷ್ಟರಲ್ಲಿ ನಮ್ಮ ದಸರಾ, ಬೆನ್ನಿಗೇ ದೀಪಾವಳಿ. ಸಂದೇಶಕ್ಕೆ ನೀಲಿ ಟಿಕ್ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದೇ ಕಂಪನಿಗಳು ಮೇಜು ಹಾಕಿಕೊಂಡು ಕೂತು, ಆಟಗಾರರ ರೈಫಲ್‌ಗಳನ್ನು ಅಲ್ಲೇ ನೋಡಿಕೊಡುತ್ತವೆ. ದೊಡ್ಡವರ ಕೈಯಲ್ಲಿರುವುದಕ್ಕೆ ಆ ಉಪಚಾರ. ಪಿಯುಸಿ ಹುಡುಗಿಗೆ ‘ವಿ ವಿಲ್ ಅಪ್‌ಡೇಟ್ ಯು ಮೇಡಂ’.

ನಿಧಾನ ಯಾಕೆ ಅಂತ ನನಗೆ ಅರ್ಥವಾಗದೇ ಇಲ್ಲ. ಇಂಥ ರೈಫಲ್ ಕೊಳ್ಳುವವರು ಕಡಿಮೆ. ತರಿಸುವವರು ಅದಕ್ಕಿಂತ ಕಡಿಮೆ. ಕಾರ್ಖಾನೆಯವರ ಹತ್ತಿರ ಕಲಿತು ಬಂದ ಮೆಕ್ಯಾನಿಕ್ ಇನ್ನೂ ಕಡಿಮೆ. ಬಿಡಿಭಾಗ ತಂದಿಟ್ಟುಕೊಂಡರೆ ಅವರ ದುಡ್ಡು ಕಟ್ಟಿಹಾಕಿದ ಹಾಗೆ. ಹಾಗಾಗಿ ಕಾಯುವ ಭಾರ ಎಲ್ಲ ನಮ್ಮ ಮೇಲೆ. ಇದನ್ನು ಮಾರುವ ದಿನವೇ ಹೇಳಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ರಾಜ್ಯ ಮಟ್ಟದ ಸ್ಪರ್ಧೆ ಮಾತ್ರ ಯಾರ ಕಸ್ಟಮ್ಸ್‌ಗೂ ಕಾಯುವುದಿಲ್ಲ. ಕೋಚ್ ತಮ್ಮ ಹಳೇ ರೈಫಲ್ ಕೊಟ್ಟರು. ಅದರ ಸಿಲಿಂಡರ್ ನೋಡಿದರೆ ಅವಧಿ ಮುಗಿದಿದೆ. ಈ ಸಿಲಿಂಡರ್‌ಗಳಿಗೆ ತಯಾರಾದ ದಿನದಿಂದ 10 ವರ್ಷ ಆಯುಷ್ಯ. ಸ್ಪರ್ಧೆಗೆ ಮೊದಲು ಸಲಕರಣೆ ಪರೀಕ್ಷಿಸುವಾಗ ಮೇಲಿನ ತಾರೀಖು ನೋಡುತ್ತಾರೆ. ಮತ್ತೆ ಓಡಾಟ. ಅದೇ ಮಾದರಿಯ ಸಿಲಿಂಡರ್ ಯಾರ ಹತ್ತಿರ ಇದೆ ಅಂತ ಗ್ರೂಪಿನಲ್ಲಿ ಕೇಳಿ, ಒಬ್ಬ ಹುಡುಗನ ಅಪ್ಪ ಕೆಂಗೇರಿಯಿಂದ ತಂದುಕೊಟ್ಟರು. ಮಗಳು ಹೊಡೆದಳು. ಹಳೇ ರೈಫಲ್, ಸಾಲದ ಸಿಲಿಂಡರ್, ತನ್ನದಲ್ಲದ ಅಳತೆ. ತೀರಾ ಕೆಟ್ಟದಾಗಿಯೇನೂ ಹೊಡೆಯಲಿಲ್ಲ. ಮುಂದಿನ ಹಂತಕ್ಕೆ ಬೇಕಾದಷ್ಟು ಆಗಲಿಲ್ಲ. ಹೊರಗೆ ಬಂದವಳು, ‘ಇದು ನನ್ನ ತಪ್ಪೇ ಅಮ್ಮಾ. ಕೊನೇ ಸೀರೀಸ್ ಅವಸರ ಮಾಡಿದೆ’ ಅಂದಳು. ಹೇಳುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು. ತನ್ನ ತಪ್ಪು ತನ್ನದೇ ಅಂತ ಖಾತ್ರಿಯಾಗಿ ಗೊತ್ತಾಗುವುದೂ ಒಂದು ಸುಖವೇ ಇರಬೇಕು.

ಈ ನಡುವೆ ನಾನು ಕಾನೂನು ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಅನುಕೂಲಗಳಿವೆ. ಮಾರಿದವರ ಊರಿಗೆ ಹೋಗಬೇಕಿಲ್ಲ, ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ₹5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲು ಮಾಡಬಹುದು. ಸಾಮಾನಿನ ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕಾದರೆ ಆಯೋಗ 5 ತಿಂಗಳೊಳಗೆ, ಇಲ್ಲದಿದ್ದರೆ 3 ತಿಂಗಳೊಳಗೆ ತೀರ್ಮಾನ ಮಾಡಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಗುಂಡಿಗೂ ಗುಂಡಿಗೂ ನಡುವೆ ಮೂರು ನಿಮಿಷ ಕಾಯುವ ಪ್ರಯೋಗಾಲಯ ಯಾವುದಿದೆಯೋ! ಆದರೂ 1915ರ ದೂರಿನ ಸಂಖ್ಯೆಯನ್ನು ಇಮೇಲ್‌ನ ಮೇಲ್ಗಡೆ ಹಾಕಿದ ಮೇಲೆ ಉತ್ತರಗಳು ಬೇಗ ಬರತೊಡಗಿದವು. ಅದಂತೂ ಸತ್ಯ.

ರೈಫಲ್ ಈಗ ಬಂದಿದೆ. ರೆಗ್ಯುಲೇಟರ್ ಪೂರ್ತಿ ಹೊಸದು. ಕ್ರೋನೋಗ್ರಾಫ್ ಮುಂದೆ ಇಟ್ಟು, ಬೇಕಂತಲೇ ಬಿಡುವು ಕೊಟ್ಟು ಹೊಡೆದು ನೋಡಿದೆವು. ಅಂಕಿ ಅಲುಗಲಿಲ್ಲ. ಕೋಚ್ ಖುಷಿಯಾದರು. ಮಗಳು ಇನ್ನೂ ಪೂರ್ತಿ ನಂಬಿಲ್ಲ. ಒಂದು ಗುಂಡು ಸ್ವಲ್ಪ ಮೇಲೆ ಹೋದರೂ ಮೊದಲು ರೈಫಲ್ ಕಡೆ ನೋಡುತ್ತಾಳೆ, ಆಮೇಲೆ ತನ್ನ ಕಡೆ. ಮೊದಲು ಈ ಅಭ್ಯಾಸ ಇರಲಿಲ್ಲ. ಕೋಚ್‌ಗೆ ಇದು ಇಷ್ಟವಿಲ್ಲ, ಬಿಡಿಸಬೇಕು ಅನ್ನುತ್ತಾರೆ. ಬಿಡಿಸಲಿ, ಆದರೆ ಪೂರ್ತಿ ಬಿಡಿಸುವುದು ಬೇಡ ಅಂತ ನನ್ನ ಆಸೆ. ನಾಳೆ ಕೆಲಸಕ್ಕೆ ಸೇರಿದಾಗಲೋ, ಇನ್ನೊಬ್ಬರ ಮನೆಗೆ ಹೋದಾಗಲೋ ತಪ್ಪು ನಿನ್ನದೇ ಅನ್ನುವ ಇಂಥದೇ ಮಾತು ಕೇಳಬೇಕಾಗುತ್ತದೆ. ಎಲ್ಲದಕ್ಕೂ ಡೈರಿಯಲ್ಲಿ ಕೆಂಪು ಗೆರೆ ಎಳೆದುಕೊಂಡು ಕೂತರೆ ಹೇಗೆ?

ರೈಫಲ್ ಕೊಳ್ಳಲು ಹೊರಟಿರುವ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಯಾವ ಕಂಪನಿದು ಒಳ್ಳೇದು ಅಂತ. ಅದನ್ನು ಕೋಚ್ ಹೇಳುತ್ತಾರೆ. ನಾನು ಹೇಳುವುದು ಬೇರೆ. ದುಡ್ಡು ಕೊಡುವ ಮೊದಲೇ ರಿಪೇರಿ ಎಲ್ಲಿ ಮಾಡುತ್ತೀರಿ, ಸೀಲ್ ಮತ್ತು ರೆಗ್ಯುಲೇಟರ್ ನಿಮ್ಮ ಹತ್ತಿರ ಇಲ್ಲೇ ಇದೆಯಾ ಅಂತ ಕೇಳಿ. ಕಳಿಸುವ ಖರ್ಚು ಯಾರದು, ರಿಪೇರಿಗೆ ಹೋದ ದಿನಗಳನ್ನು ವಾರಂಟಿಗೆ ಸೇರಿಸಿಕೊಡುತ್ತೀರಾ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮನೆಗೆ ಬಂದ ವಾರವೇ ಕ್ರೋನೋಗ್ರಾಫ್ ಮುಂದೆ ಇಟ್ಟು, ನಿಧಾನವಾಗಿ ಹೊಡೆದು, ಅಂಕಿಗಳು ಕಾಣುವ ಹಾಗೆ ವಿಡಿಯೋ ಮಾಡಿಟ್ಟುಕೊಳ್ಳಿ.

ನಮಗೆ ಆ ದಿನಗಳನ್ನು ಸೇರಿಸಿಕೊಟ್ಟಿಲ್ಲ. ಬಿಲ್ಲಿನ ತಾರೀಖಿನಿಂದ ಲೆಕ್ಕ, ವಾರಂಟಿ ಮುಗಿಯಿತು ಅಂತ ಹೋದ ವಾರ ಬರೆದಿದ್ದಾರೆ. ಅವರ ಕಪಾಟಿನಲ್ಲಿ ಮಲಗಿದ್ದ ತಿಂಗಳುಗಳೂ ನಾವು ಬಳಸಿದ ಲೆಕ್ಕಕ್ಕೇ! ಜಿಲ್ಲಾ ಆಯೋಗಕ್ಕೆ ಕೊಡುವ ದೂರನ್ನು ನಮ್ಮನೆಯವರು ಟೈಪ್ ಮಾಡುತ್ತಿದ್ದಾರೆ. ಡೈರಿಯ ಪುಟಗಳ ಜೆರಾಕ್ಸ್ ಹಾಕಬೇಕೋ ಬೇಡವೋ ಅನ್ನುವುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ. ಮಗಳು ಹಾಕಿ ಅನ್ನುತ್ತಾಳೆ.